ಡೌನ್ ಸಿಂಡ್ರೋಮ್ ಇರುವವರಿಗೆ ಓದು, ಬರಹ, ಟೈಪಿಂಗ್

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ದೊಡ್ಡವರಿಗೂ ಓದು-ಬರಹ ಕಲಿಸುವ ಕ್ರಮಗಳು, ಮತ್ತು ಆ ಕಲಿಕೆಗೆ ಒತ್ತಾಸೆಯಾಗಿ ಎರಡೂ ಕೈ ಬಳಸಿ, ಕೀಲಿಗಳನ್ನು ನೋಡದೆ ಟೈಪ್ ಮಾಡುವುದನ್ನು ರೂಢಿ ಮಾಡಿಸುವ ವಿಧಾನ ಈ ಲೇಖನದ ವಸ್ತು. ಜೀವಕೋಶಗಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇದ್ದಾಗ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. ಕಲಿಕೆ ನಿಧಾನವಾಗುತ್ತದೆ, ಮಾತು ತಡವಾಗುತ್ತದೆ, ಸ್ನಾಯುಗಳು ಸಡಿಲವಾಗಿರುತ್ತವೆ. ಆದರೆ ಈ ನಿಧಾನ ಎಲ್ಲ ವಿಷಯಗಳಲ್ಲೂ ಒಂದೇ ಸಮನಾಗಿಲ್ಲ. ಕಲಿಸುವ ಕ್ರಮವನ್ನು ನಿರ್ಧರಿಸುವುದು ಈ ಏರುಪೇರೇ.

ಹಿನ್ನೆಲೆ

ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯ ಲಕ್ಷಣಗಳನ್ನು 1866ರಲ್ಲಿ ವಿವರಿಸಿದ. ಹೆಚ್ಚುವರಿ ವರ್ಣತಂತುವೇ ಕಾರಣವೆಂದು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ ಮತ್ತು ರೇಮೊಂ ತ್ಯುರ್ಪಾಂ ಪ್ರಕಟಿಸಿದರು. ಈ ನಡುವಿನ ಸುಮಾರು ನೂರು ವರ್ಷ, ಅದಾದ ಮೇಲೂ ಬಹಳ ಕಾಲ, ಇಂಥ ಮಕ್ಕಳಿಗೆ ಅಕ್ಷರ ಹತ್ತುವುದಿಲ್ಲ ಎಂದೇ ವೈದ್ಯರೂ ಶಿಕ್ಷಕರೂ ನಂಬಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ನಂಬಿಕೆಗೆ ಕಾನೂನಿನ ಬಲವೂ ಇತ್ತು. 1970ರ ಶಿಕ್ಷಣ ಕಾಯಿದೆ ಮರುವರ್ಷ ಜಾರಿಗೆ ಬರುವವರೆಗೆ ಇವರಲ್ಲಿ ಅನೇಕರು ಶಾಲೆಗೆ ತಕ್ಕವರಲ್ಲವೆಂಬ ಹಣೆಪಟ್ಟಿ ಹೊತ್ತು ಆರೋಗ್ಯ ಇಲಾಖೆಯ ಸುಪರ್ದಿನಲ್ಲಿದ್ದರು. ಅಕ್ಷರವನ್ನೇ ಕಲಿಸದ ಮೇಲೆ ಅವರು ಓದುವುದನ್ನು ಯಾರೂ ಕಾಣಲಿಲ್ಲ. ಕಾಣದ್ದನ್ನೇ ಸಾಕ್ಷಿಯಾಗಿ ಹಿಡಿದು ಕಲಿಸುವುದನ್ನು ಬಿಟ್ಟರು.

ಆ ಕಾಯಿದೆಗೂ ಮುಂಚೆ, 1967ರಲ್ಲಿ, ನೈಜಲ್ ಹಂಟ್ ಎಂಬ ಯುವಕನ ಆತ್ಮಕಥನ ಪುಸ್ತಕವಾಗಿ ಬಂತು. ಡೌನ್ ಸಿಂಡ್ರೋಮ್ ಇರುವವರೊಬ್ಬರು ಬರೆದು ಪ್ರಕಟವಾದ ಮೊದಲ ಪುಸ್ತಕವೆಂದು ಅದು ಹೆಸರಾಗಿದೆ. ಅಕ್ಷರದ ಧ್ವನಿಗಳನ್ನು ಕೂಡಿಸಿ ಓದುವುದನ್ನು ಅವನಿಗೆ ಕಲಿಸಿದವಳು ತಾಯಿ. ಹಸ್ತಪ್ರತಿಯನ್ನು ಟೈಪ್‌ರೈಟರಿನಲ್ಲಿ ಟೈಪ್ ಮಾಡಿದವನು ಅವನೇ. ಮುನ್ನುಡಿ ಬರೆದವರು ಪ್ರಸಿದ್ಧ ತಳಿವಿಜ್ಞಾನಿ ಲಯನೆಲ್ ಪೆನ್ರೋಸ್. ಅಂದರೆ ಈ ಕ್ಷೇತ್ರದಲ್ಲಿ ಓದು ಮತ್ತು ಟೈಪಿಂಗ್ ಜೊತೆಗೂಡಿದ್ದು ಕಂಪ್ಯೂಟರ್ ಬಂದ ಮೇಲಲ್ಲ.

ಸಂಶೋಧನೆಗೆ ಚಾಲನೆ ಸಿಕ್ಕಿದ್ದು 1980ರಲ್ಲಿ, ಒಂದು ಕಾಗದದಿಂದ. ಡೌನ್ ಸಿಂಡ್ರೋಮ್ ಇರುವ ತನ್ನ ಮಗಳು ಸಾರಾ ಮೂರನೆಯ ವಯಸ್ಸಿನಿಂದಲೇ ಓದಲು ಕಲಿತಳೆಂದೂ ಓದಿನಿಂದಲೇ ಅವಳ ಮಾತು ಬೆಳೆಯಿತೆಂದೂ ಲೆಸ್ಲಿ ಡಫೆನ್ ಎಂಬ ತಂದೆ ಪೋರ್ಟ್ಸ್‌ಮತ್‌ನ ಮನಶ್ಶಾಸ್ತ್ರಜ್ಞೆ ಸೂ ಬಕ್ಲಿಗೆ ಬರೆದರು. ಬಕ್ಲಿ ಅದನ್ನು ಒಬ್ಬ ತಂದೆಯ ಹೆಮ್ಮೆಯ ಮಾತೆಂದು ಬದಿಗಿಡದೆ ಪರೀಕ್ಷೆಗೆ ಹಚ್ಚಿದರು. ಮುಂದೆ ಆ ಊರಿನಲ್ಲಿ ಸಾರಾಳ ಹೆಸರಿನಲ್ಲೇ ಒಂದು ಕೇಂದ್ರ ನಿಂತಿತು.

ಕಣ್ಣು, ಕಿವಿ, ಕೈ

ಈ ಮಕ್ಕಳಲ್ಲಿ ಕೇಳಿದ್ದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಕಂಡದ್ದರ ನೆನಪು ಅದಕ್ಕಿಂತ ಗಟ್ಟಿ. ಕಿವಿಯ ನಡುಭಾಗದಲ್ಲಿ ಅಂಟು ದ್ರವ ನಿಂತು ಕೇಳುವಿಕೆ ಮಂದವಾಗುವುದೂ ಸಾಮಾನ್ಯ. ಹಾಗಾಗಿ ಗಾಳಿಯಲ್ಲಿ ಹಾದುಹೋಗುವ ಮಾತಿಗಿಂತ ಕಣ್ಣೆದುರು ನಿಲ್ಲುವ ಪದ ಹೆಚ್ಚು ಹತ್ತುತ್ತದೆ. ಅವರಿಗೆ ಅರ್ಥವಾಗುವಷ್ಟು ಮಾತು ಅವರ ಬಾಯಿಂದ ಬರುವುದಿಲ್ಲ. ಮಗು ಉತ್ತರಿಸಲಿಲ್ಲವೆಂದರೆ ಅದಕ್ಕೆ ತಿಳಿದಿಲ್ಲವೆಂದು ಶಿಕ್ಷಕರು ತೀರ್ಮಾನಿಸುವುದು ತರಗತಿಯಲ್ಲಿ ದಿನವೂ ಆಗುವ ಅನ್ಯಾಯ.

ಕಣ್ಣಿಗೂ ತನ್ನದೇ ತೊಡಕಿದೆ. ಹತ್ತಿರದ ವಸ್ತುವಿನ ಮೇಲೆ ನೋಟವನ್ನು ಸರಿಯಾಗಿ ಕೂಡಿಸಲು ಬಹುಪಾಲು ಮಕ್ಕಳಿಗೆ ಕಷ್ಟ. ದೂರದೃಷ್ಟಿಗೆ ಕನ್ನಡಕ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಕಾರ್ಡಿಫ್ ವಿಶ್ವವಿದ್ಯಾಲಯದ ಮ್ಯಾಗಿ ವುಡ್‌ಹೌಸ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ, ಶಾಲೆಯ ಮಕ್ಕಳಿಗೆ ಬೈಫೋಕಲ್ ಕನ್ನಡಕದಿಂದ ಪ್ರಯೋಜನವಾಗುತ್ತದೆಂದು ತೋರಿಸಿದರು. ತೆಳು ಪೆನ್ಸಿಲ್ ಗೆರೆಗಿಂತ ದಪ್ಪ ಕಪ್ಪು ಅಕ್ಷರ ಇವರಿಗೆ ಹಿತ.

ಇನ್ನು ಕೈ. ಬೆರಳುಗಳು ಮೋಟು, ಕಿರುಬೆರಳು ಹಲವರಲ್ಲಿ ಒಳಕ್ಕೆ ಬಾಗಿರುತ್ತದೆ, ಕೀಲುಗಳು ಸಡಿಲ. ಪೆನ್ಸಿಲನ್ನು ಒಂದೇ ಒತ್ತಡದಲ್ಲಿ ಹಿಡಿದು, ಗೆರೆಯ ಮೇಲೆ ಅಕ್ಷರ ಕೂರಿಸಿ, ಜೊತೆಗೆ ಮುಂದಿನ ಪದ ಯಾವುದೆಂದು ಯೋಚಿಸುವುದು ಒಟ್ಟಿಗೆ ಆಗುವ ಕೆಲಸವಲ್ಲ. ಗಮನವೆಲ್ಲ ಗೆರೆಗೇ ಹೋದರೆ ವಾಕ್ಯ ಕೈತಪ್ಪುತ್ತದೆ.

ಓದು

ಅಮೆರಿಕದ ಪೆಟ್ರೀಷಿಯಾ ಓಲ್ವೈನ್ 1995ರ ಕೈಪಿಡಿಯಲ್ಲಿ ವಿವರಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೊದಲು ಒಂದೇ ಪದದ ಎರಡು ಕಾರ್ಡುಗಳನ್ನು ಜೋಡಿಸುವುದು, ಆಮೇಲೆ ಹೇಳಿದ ಪದವನ್ನು ಆರಿಸಿಕೊಡುವುದು, ಕೊನೆಗೆ ಕಾರ್ಡು ನೋಡಿ ಪದ ಹೇಳುವುದು. ಮೊದಲ ಎರಡು ಹಂತಕ್ಕೆ ಮಾತೇ ಬೇಕಿಲ್ಲ ಎಂಬುದು ಇದರ ಜಾಣತನ. ಮೊದಲ ಪದಗಳು ಪಠ್ಯಪುಸ್ತಕದಿಂದ ಬರಬೇಕಾಗಿಲ್ಲ. ಅಮ್ಮ, ಅಪ್ಪ, ಅಜ್ಜಿ, ದೋಸೆ, ಬಸ್ಸು, ಮನೆಯ ನಾಯಿಯ ಹೆಸರು ಸಾಕು. ತಪ್ಪು ಮಾಡಿಸಿ ತಿದ್ದುವುದಕ್ಕಿಂತ ತಪ್ಪದಂತೆ ಕೈ ಹಿಡಿದು ನಡೆಸಿ, ನೆರವನ್ನು ಮೆಲ್ಲನೆ ಕಡಿಮೆ ಮಾಡುವುದು ಇಲ್ಲಿನ ರೀತಿ.

ಪದವನ್ನು ಇಡಿಯಾಗಿ ಗುರುತಿಸಿದರೆ ಸಾಕೆ, ಧ್ವನಿಗಳನ್ನು ಬಿಡಿಸಿ ಕೂಡಿಸುವುದೂ ಬೇಕೆ ಎಂಬ ವಾದ ದೀರ್ಘಕಾಲ ನಡೆಯಿತು. ಜುಸೆಪ್ಪೆ ಕೊಸ್ಸು ಮತ್ತು ಸಂಗಡಿಗರು ಇಟಲಿಯಲ್ಲಿ ಡೌನ್ ಸಿಂಡ್ರೋಮ್ ಇರುವ 10 ಮಕ್ಕಳನ್ನು ಪರೀಕ್ಷಿಸಿ, ಧ್ವನಿ ಬಿಡಿಸುವ ಆಟಗಳಲ್ಲಿ ತೀರಾ ಹಿಂದಿದ್ದರೂ ಅವರು ಓದಬಲ್ಲರೆಂದು 1993ರಲ್ಲಿ ವರದಿ ಮಾಡಿದರು. ಆ ಆಟಗಳೇ ಓದಿಗಿಂತ ಕಷ್ಟವಾಗಿದ್ದವೆಂಬ ಆಕ್ಷೇಪವೂ ಬಂತು. ಬ್ರಿಟನ್ನಿನಲ್ಲಿ 57 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಎರಡನ್ನೂ ಬೆಸೆಯಿತು: ದಿನಕ್ಕೆ 40 ನಿಮಿಷ, ಅರ್ಧ ಪಾಲು ಓದು ಮತ್ತು ಧ್ವನಿ, ಅರ್ಧ ಪಾಲು ಮಾತು ಮತ್ತು ಪದಸಂಪತ್ತು. 20 ವಾರಗಳ ಕೊನೆಗೆ ಪದಗಳನ್ನು ಓದುವುದರಲ್ಲಿ, ಅಕ್ಷರದ ಧ್ವನಿ ಗುರುತಿಸಿ ಕೂಡಿಸುವುದರಲ್ಲಿ, ಕಲಿಸಿದ ಪದಗಳ ಬಳಕೆಯಲ್ಲಿ ಈ ಪಾಠ ಪಡೆದ ಮಕ್ಕಳು ಪಡೆಯದವರಿಗಿಂತ ಮುಂದಿದ್ದರು. ಕಲಿಸದೆ ಬಿಟ್ಟ ಕೌಶಲಗಳಿಗೆ ಮಾತ್ರ ಈ ಲಾಭ ಹರಿಯಲಿಲ್ಲ. ಒಂದನ್ನು ಕಲಿಸಿದರೆ ಇನ್ನೊಂದು ತಾನಾಗಿ ಬಂದೀತೆಂದು ಕಾಯುವಂತಿಲ್ಲ.

ಕೀಲಿಮಣೆ

ಓದಿನ ಬಗ್ಗೆ ಇರುವಂಥ ಗಟ್ಟಿ ಪ್ರಯೋಗಗಳು ಟೈಪಿಂಗ್ ಬಗ್ಗೆ ಕಡಿಮೆ. ಇಲ್ಲಿಯ ತಿಳಿವಳಿಕೆ ಹೆಚ್ಚಾಗಿ ಶಿಕ್ಷಕರ ಮತ್ತು ವೃತ್ತಿ ಚಿಕಿತ್ಸಕರ ಅನುಭವದಿಂದ ಬಂದದ್ದು. ಕೀಲಿಮಣೆಯ ದೊಡ್ಡ ಉಪಕಾರವೆಂದರೆ ಅಕ್ಷರವನ್ನು ಆರಿಸುವ ಕೆಲಸವನ್ನು ಅದನ್ನು ತಿದ್ದಿ ಬರೆಯುವ ಕೆಲಸದಿಂದ ಬೇರೆ ಮಾಡುವುದು. ಪ್ರತಿ ಸಲವೂ ಅಕ್ಷರ ಒಂದೇ ಅಂದದಲ್ಲಿ ಮೂಡುತ್ತದೆ, ಅಳಿಸಿದರೆ ಗುರುತು ಉಳಿಯುವುದಿಲ್ಲ. ಉಜ್ಜಿ ಉಜ್ಜಿ ತೂತಾದ ಕಾಪಿ ಪುಸ್ತಕ ಕಂಡವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಒಂದು ಬೆರಳಿನಲ್ಲಿ ಹುಡುಕಿ ಒತ್ತಿದರೆ ಸಾಲದೆ? ಹಲವರಿಗೆ ಸಾಲುತ್ತದೆ, ಅದನ್ನು ಕೀಳೆನ್ನಬೇಕಾಗಿಲ್ಲ. ಆದರೆ ಹುಡುಕುವಾಗ ನೋಟ ಕೀಲಿಯಿಂದ ಪರದೆಗೆ, ಪರದೆಯಿಂದ ಕೀಲಿಗೆ ಓಡಾಡಬೇಕು. ಹತ್ತಿರಕ್ಕೆ ನೋಟ ಕೂಡದ ಕಣ್ಣಿಗೆ ಈ ಓಡಾಟ ದಣಿವು. ಕೆಳಗೆ ನೋಡಿ ಮೇಲೆ ಬರುವಷ್ಟರಲ್ಲಿ ಪದವೂ ಮರೆತಿರುತ್ತದೆ. ಬೆರಳಿಗೇ ದಾರಿ ರೂಢಿಯಾದರೆ ಕಣ್ಣು ಪದದ ಮೇಲೆ ನಿಲ್ಲುತ್ತದೆ. ನೋಡದೆ ಟೈಪ್ ಮಾಡುವುದರ ಪರವಾದ ಗಟ್ಟಿ ಕಾರಣ ಇದು. ವೇಗ ಆಮೇಲಿನ ಮಾತು.

ಪಾಠ ಕೂರುವುದರಿಂದ ಶುರುವಾಗುತ್ತದೆ. ಪಾದಗಳು ನೆಲದ ಮೇಲೋ ಮಣೆಯ ಮೇಲೋ ಊರಿರಬೇಕು, ಬೆನ್ನಿಗೆ ಆಸರೆ ಇರಬೇಕು, ಪರದೆ ಕಣ್ಣಿನ ಮಟ್ಟದಲ್ಲಿರಬೇಕು. ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಾಗಿರುವುದರಿಂದ ಕತ್ತು ಬಗ್ಗಿಸಿ ಕೂರಿಸಬಾರದು. ಎಡ ತೋರುಬೆರಳು ಎಫ್ ಮೇಲೆ, ಬಲ ತೋರುಬೆರಳು ಜೆ ಮೇಲೆ. ಆ ಎರಡು ಕೀಲಿಗಳ ಮೇಲಿನ ಸಣ್ಣ ಉಬ್ಬನ್ನು ಮುಟ್ಟಿ ಬೆರಳು ತನ್ನ ಮನೆ ಕಂಡುಕೊಳ್ಳುತ್ತದೆ. ಕಿರುಬೆರಳು ಮೋಟಾಗಿ ಅಂಚಿನ ಕೀಲಿಗೆ ಎಟುಕದಿದ್ದರೆ ಉಂಗುರ ಬೆರಳನ್ನು ಕಳಿಸಿದರಾಯಿತು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶಿಸ್ತು ಇಲ್ಲಿ ಬೇಡ. ಬೆರಳು ಕೀಲಿಯ ಮೇಲೇ ಉಳಿದು ಅಕ್ಷರಗಳು ಸಾಲುಗಟ್ಟದಂತೆ ಕೀಲಿಯ ಮರುಕಳಿಕೆಯನ್ನು ತಡಮಾಡಬಹುದು. ಶಿಫ್ಟ್ ಜೊತೆ ಇನ್ನೊಂದು ಕೀಲಿ ಒತ್ತಲು ಕಷ್ಟವಾದರೆ, ಒಂದಾದ ಮೇಲೊಂದು ಒತ್ತಿದರೂ ನಡೆಯುವ ಸ್ಟಿಕಿ ಕೀಸ್ ಸೌಲಭ್ಯ ಕಂಪ್ಯೂಟರಿನಲ್ಲೇ ಇದೆ. ಹತ್ತು ನಿಮಿಷದ ಅಭ್ಯಾಸ ದಿನವೂ ಆದರೆ ವಾರಕ್ಕೊಮ್ಮೆಯ ಒಂದು ಗಂಟೆಗಿಂತ ಮೇಲು. ಅರ್ಥವಿಲ್ಲದ ಅಕ್ಷರಗಳ ಸಾಲಿಗಿಂತ ಮಗು ಓದಬಲ್ಲ ಪದವನ್ನೇ ಅಭ್ಯಾಸಕ್ಕೆ ಕೊಟ್ಟರೆ ಒಂದೇ ಪಾಠದಲ್ಲಿ ಎರಡು ಕೆಲಸವಾಗುತ್ತದೆ. ಬ್ರಿಟನ್ನಿನ ಟಚ್-ಟೈಪ್ ರೀಡ್ ಅಂಡ್ ಸ್ಪೆಲ್ ಎಂಬ ಪಾಠಕ್ರಮ ಈ ದಾರಿಯದು. ಡಿಸ್ಲೆಕ್ಸಿಯಾ ಇರುವವರಿಗಾಗಿ ಹುಟ್ಟಿ ಆಮೇಲೆ ಇತರರಿಗೂ ಹಬ್ಬಿತು.

ಕನ್ನಡದಲ್ಲಿ

ಇಂಗ್ಲಿಷ್ ಪಾಠಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಆಗುವುದಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಕನ್ನಡದ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಕೈಬರಹದಲ್ಲಿ ಒತ್ತನ್ನು ಅಕ್ಷರದ ಬುಡಕ್ಕೆ ಚಿಕ್ಕದಾಗಿ ಇಳಿಸಬೇಕು. ಸಡಿಲ ಬೆರಳಿಗೆ ಅದು ತ್ರಾಸದ ಕೆಲಸ. ಕೀಲಿಮಣೆ ಇಲ್ಲಿ ದೊಡ್ಡ ಸಹಾಯ ಮಾಡುತ್ತದೆ.

ಕೆ. ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ 'ಅಮ್ಮ' ಎಂದು ಮೂಡಿಸಲು ಒತ್ತಬೇಕಾದ್ದು ಎ, ಎಂ, ಎಫ್, ಎಂ. ಪರದೆಯ ಮೇಲೆ ಮೊದಲು 'ಅ', ಆಮೇಲೆ 'ಅಮ', ಎಫ್ ಒತ್ತಿದೊಡನೆ 'ಅಮ್', ಕೊನೆಗೆ 'ಅಮ್ಮ'. ಒತ್ತು ಎಲ್ಲಿಂದ ಹುಟ್ಟಿತೆಂಬುದನ್ನು ಮಗು ಹಂತ ಹಂತವಾಗಿ ಕಣ್ಣಾರೆ ಕಾಣುತ್ತದೆ. ಅಕ್ಷರಗಳನ್ನು ಬೆಸೆಯುವ ಆ ಎಫ್ ಕೀಲಿ ಎಡ ತೋರುಬೆರಳಿನ ಅಡಿಯಲ್ಲಿ, ಉಬ್ಬಿರುವ ಜಾಗದಲ್ಲೇ ಇರುವುದು ಅದೃಷ್ಟ. 'ಸೂರ್ಯ' ಬರೆಯುವಾಗ ಕೈ ಯಕಾರವನ್ನು ಮೊದಲು ಬರೆದು ಅರ್ಕಾವತ್ತನ್ನು ಆಮೇಲೆ ಇಡುತ್ತದೆ. ಟೈಪ್ ಮಾಡುವಾಗ ರಕಾರವೇ ಮೊದಲು, ಬಾಯಿ ಹೇಳುವ ಕ್ರಮದಲ್ಲೇ.

ತೊಡಕುಗಳೂ ಇವೆ. ದೀರ್ಘಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಬೇಕು. ಟಕಾರ ಕ್ಯೂ ಕೀಲಿಯಲ್ಲಿ, ಡಕಾರ ಡಬ್ಲ್ಯೂ ಕೀಲಿಯಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಬಲ್ಲ ಮಗುವನ್ನು ಗಲಿಬಿಲಿಗೊಳಿಸುತ್ತದೆ. ಆದ್ದರಿಂದ ಮರ, ಮನೆ, ಹಸು, ಕಮಲ ಮುಂತಾದ ಶಿಫ್ಟ್ ಬೇಡದ ಪದಗಳಿಂದ ಆರಂಭಿಸಿ, ಕೀಲಿಗಳಿಗೆ ಕನ್ನಡ ಅಕ್ಷರದ ಚೀಟಿ ಅಂಟಿಸಿ, ರೂಢಿಯಾದಂತೆ ಒಂದೊಂದಾಗಿ ಕೀಳುವುದು ಒಳ್ಳೆಯದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಕಾಗುಣಿತ ಮಾಡಿಸಲು ಅದೂ ಅನುಕೂಲ. ಯಾವುದಾದರೊಂದನ್ನು ಹಿಡಿದು ಮನೆ, ಶಾಲೆ ಎರಡೂ ಕಡೆ ಅದನ್ನೇ ಬಳಸಬೇಕು.

ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿಗದಿತ ಪ್ರಮಾಣದ ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಕಲಿಕೆ 18ಕ್ಕೆ ನಿಲ್ಲುವುದಿಲ್ಲ. ಓದು ಇಪ್ಪತ್ತರ ಆಚೆಗೂ ಬೆಳೆಯುತ್ತದೆ. ಆ ವಯಸ್ಸಿನವರಿಗೆ ಟೈಪಿಂಗ್ ಎಂದರೆ ಹೆಚ್ಚಾಗಿ ಮೊಬೈಲು: ಅಣ್ಣನಿಗೆ ಸಂದೇಶ, ಹಾಡು ಹುಡುಕುವುದು, ಬಸ್ ನಂಬರು. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಬಂದ ಮೇಲೆ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಆ ತಂತ್ರಾಂಶಗಳು ಕಲಿತದ್ದು ಸ್ಪಷ್ಟವಾಗಿ ಮಾತನಾಡುವವರ ದನಿಯಿಂದ. ಡೌನ್ ಸಿಂಡ್ರೋಮ್ ಇರುವವರ ಉಚ್ಚಾರಣೆಯ ಮುಂದೆ ಅವು ಎಡವುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 2022ರಲ್ಲಿ ಆರಂಭಿಸಿದ ಯೋಜನೆಯೊಂದು ಇಂಥವರ ದನಿಗಳನ್ನು ಸಂಗ್ರಹಿಸತೊಡಗಿದ್ದು ಈ ಕೊರತೆ ನೀಗಿಸಲೆಂದೇ, ಅದೂ ಮೊದಲಿಗೆ ಇಂಗ್ಲಿಷಿನಲ್ಲಿ.