ಏಡನ್‌ನಲ್ಲಿ ಖಾತ್ ನಿಷೇಧವಾದ ಹದಿನಾಲ್ಕು ತಿಂಗಳು

ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಜಗಿಯುವ ಚಟದ ಬಗ್ಗೆ ಬರೆಯುವುದು ಸ್ವಲ್ಪ ಮುಜುಗರದ ಕೆಲಸ. ನಮ್ಮಲ್ಲಿ ಊಟ ಆದ ಮೇಲೆ ಕವಳದ ಬಟ್ಟಲು ಬರದಿದ್ದರೆ ನೆಂಟರು ಏಳುವುದಿಲ್ಲ. ಆ ಬಟ್ಟಲಲ್ಲಿರುವ ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕ ಅಂತ ಹೇಳಿತು. ಅಂದಿನಿಂದ ನಮ್ಮ ಕಡೆ "ನಿಷೇಧ" ಅನ್ನುವ ಶಬ್ದ ಕೇಳಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಬಹುಶಃ ಅದೇ ಕಾರಣಕ್ಕೆ ಯೆಮನ್ ದೇಶದ ಖಾತ್ ಎಲೆಯ ಇತಿಹಾಸ ನನ್ನನ್ನು ಇಷ್ಟು ಹಿಡಿದು ಕೂರಿಸಿದ್ದು.

ಖಾತ್ ಅಂದರೆ ಒಂದು ಜಾತಿಯ ಹಸಿರು ಗಿಡದ ಚಿಗುರು. ಇಥಿಯೋಪಿಯಾದಲ್ಲಿ ಚಾಟ್, ಕೆನ್ಯಾದಲ್ಲಿ ಮಿರಾ. ಎಳೆ ಎಲೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿ, ಜಗಿದು, ಉಂಡೆಯಾಗಿ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಕೂತರೆ ಸಂಜೆವರೆಗೂ ಅದೇ. ಸನಾ ನಗರದ ಹಳೆಯ ಮನೆಗಳಲ್ಲಿ ಮೇಲಂತಸ್ತಿನ ಕೋಣೆಗೆ ಮಫ್ರಜ್ ಅಂತಾರೆ. ದಿಂಬಿಗೆ ಒರಗಿ, ಕಿಟಕಿಯಾಚೆ ಊರು ನೋಡುತ್ತಾ ಕೂರುವ ಜಾಗ. ಮೊದಲು ಮಾತೇ ಮಾತು. ವ್ಯಾಪಾರ, ಮದುವೆ ಮಾತುಕತೆ, ಜಗಳದ ಪಂಚಾಯ್ತಿಕೆ, ರಾಜಕೀಯ ಎಲ್ಲ ಅಲ್ಲೇ. ಸಂಜೆಯಾಗುತ್ತಿದ್ದಂತೆ ಒಬ್ಬೊಬ್ಬರೇ ಮೌನವಾಗುತ್ತಾರೆ. ಆ ಹೊತ್ತಿಗೆ "ಸುಲೇಮಾನನ ಗಳಿಗೆ" ಅಂತ ಹೆಸರು. ನಮ್ಮ ಕಡೆಯ ಜಗಲಿ ಪಟ್ಟಂಗ ನೆನಪಾಗುತ್ತದೆ ಅಲ್ಲವೇ?

ಈ ಎಲೆಯನ್ನು ಸಸ್ಯಶಾಸ್ತ್ರದ ಪುಸ್ತಕಕ್ಕೆ ಸೇರಿಸಿದ್ದು ಪೀಟರ್ ಫೋರ್ಸ್‌ಕೋಲ್. ಡೆನ್ಮಾರ್ಕಿನ ರಾಜ ಕಳಿಸಿದ ತಂಡದ ಜೊತೆ ಹೋದ ಈತ 1763ರಲ್ಲಿ ಯೆಮನ್‌ನಲ್ಲೇ ಮಲೇರಿಯಾದಿಂದ ತೀರಿಕೊಂಡ. ತಂಡದಲ್ಲಿ ಬದುಕಿ ವಾಪಸ್ ಬಂದ ಒಬ್ಬನೇ ಒಬ್ಬ ಕಾರ್ಸ್ಟನ್ ನೀಬುರ್, ಗೆಳೆಯನ ಟಿಪ್ಪಣಿಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಆದರೆ ಖಾತ್ ಜಗಳ ಅದಕ್ಕಿಂತ ಹಳೆಯದು. ಹದಿನಾರನೇ ಶತಮಾನದಲ್ಲೇ ಮೆಕ್ಕಾದ ಧರ್ಮಪಂಡಿತ ಇಬ್ನ್ ಹಜರ್ ಅಲ್ ಹೈತಮಿಗೆ ಪ್ರಶ್ನೆ ಹೋಗಿತ್ತು: ಇದು ಹೆಂಡದ ಹಾಗೆ ಹರಾಮೋ, ಅಲ್ಲವೋ? ಬೇಕು ಅನ್ನುವವರ, ಬೇಡ ಅನ್ನುವವರ ವಾದಗಳನ್ನೆಲ್ಲ ಓದಿದ ಆತ ಖಡಾಖಂಡಿತವಾಗಿ ಹರಾಮ್ ಅನ್ನಲಿಲ್ಲ, ದೂರವಿರುವುದು ಒಳ್ಳೆಯದು ಅಂದ. ಅಷ್ಟು ದೊಡ್ಡ ಪಂಡಿತನೇ ಹೀಗೆ ಜಾಣತನದಿಂದ ಜಾರಿಕೊಂಡ ಮೇಲೆ ಉಳಿದವರ ಗತಿ ಏನು!

ಎಲೆಯೊಳಗಿನ ಕಿತಾಪತಿ ತಿಳಿದದ್ದು ತೀರಾ ಇತ್ತೀಚೆಗೆ. 1975ರಲ್ಲಿ ವಿಶ್ವಸಂಸ್ಥೆಯ ಪ್ರಯೋಗಾಲಯದಲ್ಲಿ ಹಸಿ ಎಲೆಯಿಂದ ಕ್ಯಾಥಿನೋನ್ ಅನ್ನುವ ರಾಸಾಯನಿಕವನ್ನು ಬೇರ್ಪಡಿಸಿದರು. ಕೆಲಸದಲ್ಲಿ ಅದು ಆಂಫೆಟಮಿನ್‌ನ ದಾಯಾದಿ. ಕಿತ್ತ ಎರಡು ದಿನದೊಳಗೆ ಅದು ಬಹುಪಾಲು ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಕಿತ್ತದ್ದು ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು ಮಧ್ಯಾಹ್ನಕ್ಕೆ ಪೇಟೆ ಸೇರಬೇಕು. ರಸ್ತೆ, ಲಾರಿ, ವಿಮಾನ ಬರುವ ತನಕ ಖಾತ್ ಬೆಟ್ಟದ ಊರುಗಳ, ಉಳ್ಳವರ ಚಟವಾಗಿ ಉಳಿದದ್ದು ಇದೇ ಕಾರಣಕ್ಕೆ.

ಈಗ ಏಡನ್‌ಗೆ ಬರೋಣ. 1839ರಲ್ಲಿ ಬ್ರಿಟಿಷರು ಹಿಡಿದ ಈ ಬಂದರನ್ನು 1932ರವರೆಗೆ ಆಳಿದ್ದು ನಮ್ಮ ಬೊಂಬಾಯಿ ಸರಕಾರ. ಧೀರೂಭಾಯಿ ಅಂಬಾನಿ 1950ರ ದಶಕದಲ್ಲಿ ಕೆಲಸ ಕಲಿತದ್ದು ಇದೇ ಊರಲ್ಲಿ. ಆ ಹೊತ್ತಿಗೆ ಇಥಿಯೋಪಿಯಾದ ದಿರೆ ದಾವಾದಿಂದ ಖಾತ್ ವಿಮಾನದಲ್ಲಿ ಬರತೊಡಗಿತ್ತು. ಬಂದರಿನ ಕೂಲಿಗಳ ದುಡಿಮೆ ಎಲೆಗೆ ಹೋಗುತ್ತಿದೆ, ಹೆಂಡತಿ ಮಕ್ಕಳು ಉಪವಾಸ, ದುಡ್ಡು ಪರದೇಶಕ್ಕೆ ಅನ್ನುವ ಕೂಗು ಎದ್ದು, 1957ರ ಏಪ್ರಿಲ್ 1ರಂದು ನಿಷೇಧ ಬಂತು. ಆಮೇಲೆ ಏನಾಯ್ತು ಗೊತ್ತೇ? ನಿಷೇಧ ಏಡನ್ ಕಾಲೊನಿಗೆ ಮಾತ್ರ. ಪಕ್ಕದ ಲಾಹೆಜ್ ಸುಲ್ತಾನರ ಸೀಮೆಯಲ್ಲಿ ಇಲ್ಲ. ಜನ ಗಡಿ ದಾಟಿ ಹೋಗಿ ಜಗಿದು ಬಂದರು. ಎಲೆಯ ಖರ್ಚಿನ ಜೊತೆ ಗಾಡಿ ಖರ್ಚೂ ಸೇರಿತು. ಕಳ್ಳಸಾಗಣೆ ಬೆಳೆಯಿತು, ಸರಕಾರದ ಸುಂಕ ಹೋಯಿತು. ಕೊನೆಗೆ ವಿಚಾರಣಾ ಆಯೋಗ ಕೂತು, 1958ರ ಜೂನ್‌ನಲ್ಲಿ ನಿಷೇಧ ಎದ್ದುಹೋಯಿತು.

ಮುಂದಿನವರೂ ಕೈ ಸುಟ್ಟುಕೊಂಡರು. 1972ರಲ್ಲಿ ಉತ್ತರ ಯೆಮನ್ ಪ್ರಧಾನಿ ಮೊಹ್ಸಿನ್ ಅಲ್ ಐನಿ ಸರಕಾರಿ ನೌಕರರು ಕೆಲಸದ ವೇಳೆ ಜಗಿಯಬಾರದು ಅಂದರು. ವರ್ಷದ ಕೊನೆಗೆ ಅವರೇ ಕುರ್ಚಿಯಿಂದ ಇಳಿದಿದ್ದರು (ಬೇರೆ ಕಾರಣಗಳೂ ಇದ್ದವು ಅನ್ನಿ). 1977ರಲ್ಲಿ ಕಮ್ಯುನಿಸ್ಟ್ ದಕ್ಷಿಣ ಯೆಮನ್ ವಾರದ ರಜೆ ಮತ್ತು ಹಬ್ಬಕ್ಕೆ ಮಾತ್ರ ಅಂತ ಕಾನೂನು ಮಾಡಿತು. ಅದು ಮಾತ್ರ ಮಟ್ಟಿಗೆ ನಡೆಯಿತು. ನನ್ನ ಲೆಕ್ಕದಲ್ಲಿ ಕಾರಣ ಸರಳ: ಪೊಲೀಸ್ ಬಿಗಿ ಇತ್ತು, ಖಾತ್ ಬೆಳೆಯುವ ಎತ್ತರದ ಬೆಟ್ಟಗಳು ಹೆಚ್ಚಾಗಿ ಉತ್ತರದಲ್ಲಿದ್ದವು. 1990ರಲ್ಲಿ ಎರಡು ಯೆಮನ್ ಒಂದಾದಾಗ ಆ ಕಾನೂನೂ ಹೋಯಿತು. 1999ರಲ್ಲಿ ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲೆ ತಾನು ವಾರಾಂತ್ಯಕ್ಕೆ ಮಾತ್ರ ಜಗಿಯುತ್ತೇನೆ ಅಂತ ಘೋಷಿಸಿದರು. ದೇಶ ಅವರನ್ನು ಹಿಂಬಾಲಿಸಲಿಲ್ಲ. ವಿಶ್ವಬ್ಯಾಂಕ್ 2006ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ನೂರು ಗಂಡಸರಲ್ಲಿ 72 ಮಂದಿ, ಹೆಂಗಸರಲ್ಲಿ ಮೂರನೇ ಒಂದು ಪಾಲು ಜಗಿಯುತ್ತೇವೆ ಅಂದಿದ್ದರು.

ಮೈಗೆ ಆಗುವುದೇನು? ನಿದ್ದೆ ಹಾರುತ್ತದೆ, ಹಸಿವು ಸಾಯುತ್ತದೆ, ಮಲಬದ್ಧತೆ ಕಾಡುತ್ತದೆ, ರಕ್ತದೊತ್ತಡ ಏರುತ್ತದೆ. ಎಲೆ ಉಗುಳಿದ ಮೇಲೆ ಒಂದು ಮಂಕು, ಸಿಡುಕು. ಯೆಮನ್ ವೈದ್ಯರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿ ನಾನು ಬೆಚ್ಚಿದೆ. ಸಾಮಾನ್ಯವಾಗಿ ಹೃದಯಾಘಾತ ಬೆಳಗಿನ ಹೊತ್ತು ಹೆಚ್ಚು. ಖಾತ್ ಜಗಿಯುವವರಲ್ಲಿ ಅದು ಮಧ್ಯಾಹ್ನ ಎರಡರ ಮೇಲೆ, ಅಂದರೆ ಜಗಿಯುವ ಹೊತ್ತಿಗೇ ಸರಿದಿತ್ತು! ಬಸುರಿಯರು ಜಗಿದರೆ ಮಗುವಿನ ತೂಕ ಕಡಿಮೆ. ಎಲೆಯನ್ನು ತೊಳೆಯದೆ ತಿಂದರೆ ಕೀಟನಾಶಕವೂ ಒಳಗೆ. ಆದರೂ 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಅವಲಂಬನೆಯನ್ನು ಹೆರಾಯಿನ್ ಸಾಲಿಗೆ ಸೇರಿಸಲಿಲ್ಲ, ಸೌಮ್ಯದಿಂದ ಮಧ್ಯಮ ಅಂದರು. ನನಗೆ ಕಾಣುವಂತೆ ದೊಡ್ಡ ಹಾನಿ ಜೇಬಿಗೆ ಮತ್ತು ಬಾವಿಗೆ. ದೇಶದ ನೀರಾವರಿ ನೀರಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಈ ಗಿಡಕ್ಕೇ ಹೋಗುತ್ತದೆ ಎಂಬ ಅಂದಾಜಿದೆ. ಸನಾ ಸುತ್ತಲಿನ ಕೊಳವೆಬಾವಿಗಳು ನೂರಾರು ಮೀಟರ್ ಇಳಿದಿವೆ.

ರೈತನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಸೌದಿಯಿಂದ ಸುಮಾರು ಎಂಟು ಲಕ್ಷ ಯೆಮನಿಗಳು ಮನೆಗೆ ಮರಳಬೇಕಾಯಿತು. ಅವರಲ್ಲಿ ಹೊಲ ಇದ್ದವರಿಗೆ ದಿನಾ ನಗದು ಕೊಡುವ ಬೆಳೆ ಇದೊಂದೇ. 2015ರಿಂದ ಹಬ್ಬಿದ ಯುದ್ಧದಲ್ಲೂ ಖಾತ್ ಲಾರಿಗಳು ಎರಡೂ ಪಾಳೆಯದ ಚೆಕ್‌ಪೋಸ್ಟ್ ದಾಟಿ ಓಡಿವೆ, ಇಬ್ಬರಿಗೂ ಸುಂಕ ಕಟ್ಟಿ.

ಖಾತ್ ನುಂಗಿದ್ದು ಯಾವ ಬೆಳೆಯನ್ನು ಅಂತ ಹೇಳಲೇ ಇಲ್ಲ ನೋಡಿ: ಕಾಫಿಯನ್ನು. ಬಾಬಾಬುಡನ್ ಏಳು ಬೀಜ ಬಚ್ಚಿಟ್ಟು ಚಂದ್ರದ್ರೋಣ ಪರ್ವತಕ್ಕೆ ತಂದರು ಅನ್ನುತ್ತಾರಲ್ಲ, ಅದೇ ಯೆಮನ್ ಕಾಫಿ. ಹರಾಜ್ ಬೆಟ್ಟಗಳಲ್ಲಿ ದಾವೂದಿ ಬೋಹ್ರಾ ಸಮುದಾಯದವರು, ಮುಂಬೈಯಲ್ಲಿರುವ ತಮ್ಮ ಗುರುಗಳ ಮಾತಿನಂತೆ, ಖಾತ್ ಕಿತ್ತು ಮತ್ತೆ ಕಾಫಿ ನೆಟ್ಟಿದ್ದಾರೆ. ಕಾಫಿ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಅಲ್ಲಿ ಬೆನ್ನಿಗೆ ಒಂದು ಸಮುದಾಯ ನಿಂತಿತ್ತು, ನಡುವಿನ ವರ್ಷಗಳ ಖರ್ಚಿಗೆ ದಾರಿಯಿತ್ತು. ಪಕ್ಕದ ಕಣಿವೆಯ ರೈತನಿಗೆ ಅದಿಲ್ಲ. ಅವನ ಖಾತ್ ಗಿಡಕ್ಕೆ ನೀರು ಬಿಟ್ಟರೆ ವರ್ಷದಲ್ಲಿ ಹಲವು ಸಲ ಚಿಗುರುತ್ತದೆ.