ಕಂದು ಕಲೆಯಿಂದ ಟೂತ್‌ಪೇಸ್ಟಿನವರೆಗೆ

ಹಲ್ಲು ಹುಳುಕಾದರೆ 'ಹುಳು ಹಿಡಿದಿದೆ' ಎನ್ನುವುದು ನಮ್ಮ ಮನೆಗಳಲ್ಲಿ ಇಂದಿಗೂ ರೂಢಿ. ನಿಜವಾಗಿ ಅಲ್ಲಿ ಹುಳುವೇನೂ ಇಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್ಲಿನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಕರಗಿಸುತ್ತದೆ. ಜೊಲ್ಲು ಅವನ್ನೇ ಮರಳಿ ತಂದು ತುಂಬುತ್ತದೆ. ದಿನವೂ ನಡೆಯುವ ಈ ಜಮಾಖರ್ಚಿನಲ್ಲಿ ಖರ್ಚೇ ಮೇಲಾದಾಗ ಮೊದಲು ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ ಕಾಣುತ್ತದೆ. ಕುಳಿ ಬೀಳುವುದು ಆಮೇಲೆ. ಮಚ್ಚೆಯ ಹಂತದಲ್ಲಿ ಹಲ್ಲು ಚೇತರಿಸಿಕೊಳ್ಳಬಲ್ಲದು. ಕುಳಿ ಬಿದ್ದರೆ ದಂತವೈದ್ಯರೇ ಗತಿ. ಈ ಚೇತರಿಕೆಗೆ ನೆರವಾಗುವ ಫ್ಲೋರೈಡ್ ನಮ್ಮ ಪೇಸ್ಟಿಗೆ ಬಂದ ಚರಿತ್ರೆ ಸ್ವಾರಸ್ಯಕರವಾಗಿದೆ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ, ಅಲ್ಲೇ ಹುಟ್ಟಿ ಬೆಳೆದ ಅನೇಕರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡ. ಮುಂದೆ ಪ್ರಖ್ಯಾತ ದಂತತಜ್ಞ ಜಿ. ವಿ. ಬ್ಲ್ಯಾಕ್ ಅವನ ಜೊತೆಗೂಡಿದರು. ನೋಡಲು ಅಂದಗೆಟ್ಟ ಆ ಹಲ್ಲುಗಳು ಸುಲಭವಾಗಿ ಹುಳುಕಾಗುತ್ತಿರಲಿಲ್ಲ! ಕಾರಣ ತಿಳಿದದ್ದು 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಎಚ್. ವಿ. ಚರ್ಚಿಲ್, ಇಂಥದೇ ಕಲೆಗಳಿದ್ದ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಫ್ಲೋರೈಡ್ ಹೇರಳವಾಗಿರುವುದನ್ನು ಪತ್ತೆಹಚ್ಚಿದರು. ಲೀಟರ್ ನೀರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆ ಅಷ್ಟಾಗಿ ಕಾಣದೆ ಹುಳುಕು ಮಾತ್ರ ಕಡಿಮೆಯಾಗುತ್ತದೆಂದು ಟ್ರೆಂಡ್ಲಿ ಡೀನ್ ತೋರಿಸಿದರು. 1945ರ ಜನವರಿ 25ರಂದು ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸತೊಡಗಿತು.

ಪ್ರಮಾಣ ಮೀರಿದರೆ ಏನಾಗುತ್ತದೆಂಬುದನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ನಮ್ಮ ಜನ ಹಲ್ಲಿನ ಕಲೆಯನ್ನಷ್ಟೇ ಅಲ್ಲ, ಮೂಳೆಯ ಬಾಧೆಯನ್ನೂ ಅನುಭವಿಸಿದ್ದಾರೆ.

ನೀರಿಗೆ ಬೆರೆಸಿದಷ್ಟು ಸುಲಭವಾಗಿ ಫ್ಲೋರೈಡನ್ನು ಪೇಸ್ಟಿಗೆ ಬೆರೆಸಲಾಗಲಿಲ್ಲ. ಹಲ್ಲುಜ್ಜಲು ಪೇಸ್ಟಿನಲ್ಲಿ ಸೀಮೆಸುಣ್ಣದಂಥ ಕ್ಯಾಲ್ಸಿಯಂ ಪುಡಿ ಇರುತ್ತಿತ್ತು. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಕೂಡಿದರೆ ಕರಗದ ಗಷ್ಟಾಗುತ್ತದೆಂಬುದು ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಹಲ್ಲಿಗೆ ತಲಪಬೇಕಾದ ಫ್ಲೋರೈಡ್ ಟ್ಯೂಬಿನಲ್ಲೇ ನಿರುಪಯುಕ್ತವಾಗುತ್ತಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದ ಜೋಸೆಫ್ ಮ್ಯೂಲರ್, ಹ್ಯಾರಿ ಡೇ, ವಿಲಿಯಂ ನೆಬರ್ಗಾಲ್ ಇದಕ್ಕೆ ಉಪಾಯ ಕಂಡರು: ತವರದ ಫ್ಲೋರೈಡನ್ನು ಆರಿಸಿಕೊಂಡು, ಕ್ಯಾಲ್ಸಿಯಂ ಫಾಸ್ಫೇಟನ್ನು ಚೆನ್ನಾಗಿ ಕಾಯಿಸಿ ಅದರ ಚುರುಕು ತಗ್ಗಿಸಿದರು. ಹೀಗೆ ಬಂದ 'ಕ್ರೆಸ್ಟ್' ಪೇಸ್ಟ್ 1956ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕಿಳಿಯಿತು. 1960ರಲ್ಲಿ ಅಲ್ಲಿನ ದಂತವೈದ್ಯ ಸಂಘದ ಮನ್ನಣೆ ಪಡೆಯಿತು. ಫ್ಲೋರೈಡನ್ನು ಫಾಸ್ಫೇಟಿನೊಳಗೆ ಬಂಧಿಸಿಟ್ಟ ಮಾನೋಫ್ಲೋರೋಫಾಸ್ಫೇಟ್ ಇನ್ನೊಂದು ದಾರಿ. ಇದು ಸುಣ್ಣದ ಪುಡಿಯ ಜೊತೆಗೂ ಹೊಂದಿಕೊಂಡದ್ದರಿಂದ ಅಗ್ಗದ ಪೇಸ್ಟುಗಳಿಗೂ ಫ್ಲೋರೈಡ್ ಬಂತು. ಮುಂದೆ ಸುಣ್ಣದ ಬದಲು ಸಿಲಿಕಾ ಪುಡಿಯೂ ಬಳಕೆಗೆ ಬಂತು.

ಫ್ಲೋರೈಡ್ ಸೇರಿದ ಎನಾಮೆಲ್ ಆಮ್ಲವನ್ನು ಹೆಚ್ಚು ತಡೆಯುತ್ತದೆ. ಜೊಲ್ಲಿನ ಕ್ಯಾಲ್ಸಿಯಂ ಮರಳಿ ಕೂಡುವುದೂ ಚುರುಕಾಗುತ್ತದೆ. ಆದರೆ ಮಚ್ಚೆ ತುಂಬಲು ಫ್ಲೋರೈಡ್ ಒಂದೇ ಸಾಲದು, ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಬೇಕು. ಒಂದು ಕಾಲಕ್ಕೆ ಟ್ಯೂಬಿನಿಂದ ದೂರವಿಡಬೇಕಾಗಿದ್ದ ಕ್ಯಾಲ್ಸಿಯಮ್ಮನ್ನೇ ವಿಜ್ಞಾನಿಗಳು ಮತ್ತೆ ಕರೆತರಬೇಕಾಯಿತು! ಜಪಾನಿನಲ್ಲಿ 1980ರಲ್ಲಿ, ಎನಾಮೆಲ್ ಯಾವುದರಿಂದ ಆಗಿದೆಯೋ ಆ ಖನಿಜವನ್ನೇ ಹಾಕಿದ ಪೇಸ್ಟ್ ಬಂತು. ಮೆಲ್ಬರ್ನಿನ ಎರಿಕ್ ರೆನಾಲ್ಡ್ಸ್ ಹಾಲಿನ ಪ್ರೋಟೀನಿನ ತುಣುಕುಗಳಿಂದ ಕ್ಯಾಲ್ಸಿಯಂ-ಫಾಸ್ಫೇಟನ್ನು ಗಟ್ಟಿಯಾಗದಂತೆ ಹಿಡಿದಿಡುವ ವಿಧಾನ ರೂಪಿಸಿದರು. ಇವು ಆಶಾದಾಯಕವಾಗಿದ್ದರೂ, ಫ್ಲೋರೈಡಿಗಿರುವಷ್ಟು ಪುರಾವೆ ಇವಕ್ಕೆ ಇನ್ನೂ ದೊರೆತಿಲ್ಲ.

ನಮ್ಮ ಹಿರಿಯರ ಬೇವಿನ ಕಡ್ಡಿಯೂ ಇದ್ದಿಲ ಪುಡಿಯೂ ಹಲ್ಲಿನ ಕೊಳೆ ತೆಗೆದಾವು. ಕಳೆದುಹೋದ ಖನಿಜವನ್ನು ಮರಳಿಸಲಾರವು. ಬೆಳಿಗ್ಗೆಯಿಂದ ಸಂಜೆಯವರೆಗೆ ಚಾಕಲೇಟು, ಬಿಸ್ಕತ್ತು ಮೆಲ್ಲುವ ನಮ್ಮ ನಗರದ ಮಕ್ಕಳಿಗೆ ಅಷ್ಟು ಸಾಲದು. ಕೊಳ್ಳುವ ಮುನ್ನ ಪೇಸ್ಟಿನಲ್ಲಿ ಫ್ಲೋರೈಡ್ ಇದೆಯೇ ಎಂದು ಡಬ್ಬದ ಮೇಲೆ ಓದಿ ನೋಡಿರಿ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ನುಂಗದೆ ಉಗುಳುವುದನ್ನು ಕಲಿಸಿರಿ. ರಾತ್ರಿ ಉಜ್ಜಿದ ಮೇಲೆ ಬಾಯನ್ನು ಹೆಚ್ಚು ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ ಕಂಡರೆ ನೋವು ಬರುವವರೆಗೆ ಕಾಯದೆ ವೈದ್ಯರಿಗೆ ತೋರಿಸುವುದು ಲೇಸು.