ಒಂದೇ ತಾಳ, ಬೇರೆ ಬೇರೆ ಸ್ವರ

ಭಾಗ 1
ಸೀನ್ ಪಾಲ್‌ನ 'ಗೆಟ್ ಬಿಝಿ' ಕೇಳಿದ್ದೀರಲ್ಲ? ಈಗ ವೇಯ್ನ್ ವಂಡರ್‌ನ 'ನೋ ಲೆಟಿಂಗ್ ಗೋ' ಹಾಕಿ. ಹಿಂದಿನ ಚಪ್ಪಾಳೆ ಒಂದೇ! ಕದ್ದದ್ದಲ್ಲ ಮಾರಾಯ್ರೆ, ಜಮೈಕಾದ ಡಾನ್ಸ್‌ಹಾಲ್ ಪದ್ಧತಿಯೇ ಹಾಗೆ. ನಿರ್ಮಾಪಕ ಮೊದಲು ವಾದ್ಯದ ಟ್ರ್ಯಾಕ್ ಮಾಡಿ ಹೆಸರಿಡ್ತಾನೆ. ಅದು ರಿದಿಮ್. ಆಮೇಲೆ ಒಬ್ಬೊಬ್ಬ ಗಾಯಕ ಬಂದು ಅದರ ಮೇಲೆ ತನ್ನ ಹಾಡು ಹಾಡ್ತಾನೆ. ಈ ಚಪ್ಪಾಳೆಯದ್ದು ಸ್ಟೀವನ್ 'ಲೆಂಕಿ' ಮಾರ್ಸ್‌ಡನ್ ಮಾಡಿದ ರಿದಿಮ್, ಹೆಸರು 'ದಿವಾಲಿ'. ಹೌದು, ನಮ್ಮ ದೀಪಾವಳಿಯೇ! 2003ರಲ್ಲಿ 'ಗೆಟ್ ಬಿಝಿ' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ 1 ಆಯ್ತು.

ಅದಕ್ಕೂ ಮೊದಲು, 1985ರಲ್ಲಿ, ಕಿಂಗ್ ಜ್ಯಾಮಿ ಮತ್ತು ವೇಯ್ನ್ ಸ್ಮಿತ್ ಒಂದು ಸಣ್ಣ ಕ್ಯಾಸಿಯೋ ಕೀಬೋರ್ಡಿನ ರೆಡಿಮೇಡ್ ತಾಳದಿಂದ 'ಸ್ಲೆಂಗ್ ಟೆಂಗ್' ಹೊರಗೆ ತಂದ್ರು. ಅದರ ಮೇಲೆ ಬಂದ ಹಾಡುಗಳು ನೂರಾರು.

ಭಾಗ 2
ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯವರಿಗೆ ಇದು ಹೊಸತಾ? ರಾತ್ರಿ ಗದ್ದೆಯಲ್ಲಿ ಆಟ ನೋಡಿದವರು ಹೇಳಿ. ಯಕ್ಷಗಾನ ಪ್ರಸಂಗ ಪುಸ್ತಕ ತೆಗೆದು ನೋಡಿ, ಪದ್ಯದ ಮೇಲೆ ರಾಗ, ತಾಳದ ಹೆಸರು ಮಾತ್ರ ಇರ್ತದೆ. ಸ್ವರ ಬರೆದಿರುವುದಿಲ್ಲ. ಝಂಪೆ, ಅಷ್ಟ, ತ್ರಿವುಡೆ ಎಲ್ಲ ಯಾರಪ್ಪನ ಆಸ್ತಿಯೂ ಅಲ್ಲ. ಮಟ್ಟು ಎಲ್ಲರದ್ದು, ಸ್ವರ ಮಾತ್ರ ಭಾಗವತರದ್ದು.

ಒಂದು ವ್ಯತ್ಯಾಸ ಉಂಟು, ನನಗೆ ಅದೇ ದೊಡ್ಡದು. ಅಲ್ಲಿ ರಿದಿಮ್ ರೆಕಾರ್ಡ್ ಆಗಿ ಮುಗಿದಿರ್ತದೆ, ಗಾಯಕ ಅದಕ್ಕೆ ಹೊಂದಿಕೊಳ್ಬೇಕು. ಇಲ್ಲಿ ಚೆಂಡೆ, ಮದ್ದಳೆಯೇ ಭಾಗವತರ ಹಿಂದೆ ಓಡ್ಬೇಕು.

ಭಾಗ 3
ಬಲಿಪ ನಾರಾಯಣ ಭಾಗವತರು 1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿದವರು. ಅದೇ ಹೆಸರಿನ ಅಜ್ಜನೂ ಭಾಗವತರೇ. ಮನೆ ನಮ್ಮ ಮೂಡಬಿದಿರೆ ಹತ್ತಿರದ ಮಾರೂರು ನೂಯಿ. ಕಟೀಲು ಮೇಳದಲ್ಲಿ ವರ್ಷಗಟ್ಟಲೆ ಹಾಡಿದ್ರು. ಐದು ದಿನ ಆಡುವ ದೇವಿ ಮಹಾತ್ಮೆ ಪ್ರಸಂಗ ಬರೆದವರೂ ಅವರೇ. ಅಂದ್ರೆ ಟ್ರ್ಯಾಕ್ ಮಾಡಿದವನೂ ಹಾಡಿದವನೂ ಒಬ್ಬನೇ! ಅವರ ಏರುಸ್ವರದ ಆ ಹಳೆ ಕ್ರಮಕ್ಕೆ ಜನರೇ 'ಬಲಿಪ ಶೈಲಿ' ಅಂತ ಹೆಸರಿಟ್ರು.

ಬೆಳ್ತಂಗಡಿ ಕಡೆ ಬಂದ್ರೆ ಧರ್ಮಸ್ಥಳ ಮೇಳದಲ್ಲಿ ಕಡತೋಕಾ ಮಂಜುನಾಥ ಭಾಗವತರು. ಉತ್ತರ ಕನ್ನಡದವರು, ಹಾಡಿದ್ದು ತೆಂಕಿನ ಮೇಳದಲ್ಲಿ.

ಲೀಲಾವತಿ ಬೈಪಾಡಿತ್ತಾಯರನ್ನು ಬಿಡ್ಲಿಕ್ಕೇ ಆಗುವುದಿಲ್ಲ. ವೃತ್ತಿ ಮೇಳಗಳಲ್ಲಿ ತಿರುಗಾಟ ಮಾಡಿದ ಮೊದಲ ಮಹಿಳಾ ಭಾಗವತರು. ಗಂಡ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ, ಮದ್ದಳೆಗೆ. ಪುಸ್ತಕ ಅದೇ, ತಾಳ ಅದೇ, ಜಾಗಟೆ ಹಿಡಿದ ಕೈ ಮಾತ್ರ ಹೆಂಗಸಿನದ್ದು. ರಾತ್ರಿಯಿಡೀ ಗಂಡಸರದ್ದೇ ಆಗಿದ್ದ ರಂಗಸ್ಥಳದಲ್ಲಿ ಅದು ಸಣ್ಣ ಸಂಗತಿಯಾ?

ಭಾಗ 4
'ಇವ ಬಲಿಪರನ್ನು ಕಾಪಿ ಮಾಡ್ತಾನೆ' ಅಂತ ಹೊಸ ಹುಡುಗರ ರೀಲ್ಸ್ ಕೆಳಗೆ ಬರೆಯುವವರೇ, ಸ್ವಲ್ಪ ನಿಲ್ಲಿ. ಸ್ವರ ಪುಸ್ತಕದಲ್ಲಿ ಇಲ್ಲದ ಮೇಲೆ ಕಲಿಯುವುದು ಎಲ್ಲಿಂದ? ಕೇಳಿಯೇ ಕಲಿಯಬೇಕು. ಈಗ ಕಾಲಮಿತಿ ಆಟ ಜಾಸ್ತಿ, ಮಧ್ಯರಾತ್ರಿಗೇ ಮಂಗಳ. ಬೆಳಗಿನ ಜಾವಕ್ಕೆ ಅಂತಲೇ ಇದ್ದ ರಾಗಗಳನ್ನು ಯಾರು, ಯಾವಾಗ ಹಾಡುವುದು? ಬಲಿಪರು 2023ರ ಫೆಬ್ರವರಿಯಲ್ಲಿ ಹೋದ್ರು, ಲೀಲಾವತಿಯವರು 2024ರ ಡಿಸೆಂಬರ್‌ನಲ್ಲಿ.

'ಸ್ಲೆಂಗ್ ಟೆಂಗ್' ಟೇಪ್ ಉಂಟು, ಬೇಕಾದಾಗ ಹಾಕ್ಬಹುದು. ನಮ್ಮದು ಅಜ್ಜನ ಮನೆ ಅಟ್ಟದ ಕ್ಯಾಸೆಟ್‌ಗಳಲ್ಲಿ ಉಳಿದದ್ದು ಮಾತ್ರ. ನಿಮ್ಮಲ್ಲಿದ್ರೆ ಬಿಸಾಡ್ಬೇಡಿ. ಫಂಗಸ್ ಹಿಡಿದದ್ದಾದ್ರೂ ಅಡ್ಡಿಯಿಲ್ಲ, ಮೆಸೇಜ್ ಮಾಡಿ.